ಉಣ್ಣದ ದಿನವೂ ಇನ್ಸುಲಿನ್

ಟೈಪ್ 1 ಮಧುಮೇಹ ಸಿಹಿ ತಿಂದು ಬರುವ ಕಾಯಿಲೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುತ್ತದೆ, ಇನ್ಸುಲಿನ್ ತಯಾರಾಗುವುದು ನಿಲ್ಲುತ್ತದೆ. ಪಥ್ಯ, ಕಷಾಯಗಳಿಂದ ಅದು ಮರಳುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯೊಂದರಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಕುಚ್ಚಲಕ್ಕಿ ಗಂಜಿ ಎಷ್ಟು ಸೌಟು, ನೀರುದೋಸೆ ಎಷ್ಟು, ಅದಕ್ಕೆ ಇನ್ಸುಲಿನ್ ಎಷ್ಟು ಎಂಬ ಲೆಕ್ಕವನ್ನು ಮನೆಯವರು ಬೇಗ ಕಲಿಯುತ್ತಾರೆ. ಎಡವುವುದು ಜ್ವರ ಬಂದ ದಿನ.

ಆಸಾಡಿ ಮಳೆ ಹೊಯ್ಯುತ್ತಿರುವ ಬಿಜೂರಿನ ಒಂದು ಮನೆ ಎಂದುಕೊಳ್ಳಿ. ನಾಲ್ಕು ವರ್ಷದ ಹುಡುಗನಿಗೆ ಜ್ವರ, ಎರಡು ಸಲ ವಾಂತಿ. "ಮಾಣಿ ಎಂತದೂ ತಿನ್ಲಿಲ್ಲ, ಸೂಜಿ ಎಂತಕೆ?" ಎನ್ನುತ್ತಾರೆ ಅಜ್ಜಿ. ಮಾತಿನ ಹಿಂದೆ ಇರುವುದು ಅಕ್ಕರೆಯೇ. ಆದರೆ ಆ ಸೂಜಿ ಪೂರ್ತಿ ತಪ್ಪಿದರೆ ಮಗುವಿನ ಜೀವಕ್ಕೇ ಕುತ್ತು.

ರಕ್ತಕ್ಕೆ ಸಕ್ಕರೆ ಬರುವುದು ತಟ್ಟೆಯಿಂದ ಮಾತ್ರವಲ್ಲ. ಯಕೃತ್ತು ಹಗಲೂ ರಾತ್ರಿಯೂ ಸಕ್ಕರೆ ಬಿಡುತ್ತಲೇ ಇರುತ್ತದೆ. ಜ್ವರ ಬಂದಾಗ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸೋಲ್‌ಗಳು ಏರಿ ಅದನ್ನು ಇನ್ನಷ್ಟು ಹೊರಡಿಸುತ್ತವೆ. ಯಕೃತ್ತನ್ನು ತಡೆದು ಹಿಡಿಯುವುದು ಇನ್ಸುಲಿನ್. ಕೊಬ್ಬು ಕರಗದಂತೆ ಕಾಯುವುದೂ ಅದೇ. ಈ ಎರಡನೆಯ ಕೆಲಸ ಎಷ್ಟು ದೊಡ್ಡದೆಂದು ಹೇಳಿದಷ್ಟೂ ನನಗೆ ಸಾಲದು! ಇನ್ಸುಲಿನ್ ಇಲ್ಲದಾಗ ರಕ್ತದ ತುಂಬ ಸಕ್ಕರೆ ಇದ್ದರೂ ಸ್ನಾಯುಗಳಿಗೆ ಅದು ದಕ್ಕದು. ಕೊಬ್ಬು ಒಡೆಯುತ್ತದೆ, ಯಕೃತ್ತು ಅದನ್ನು ಕೀಟೋನ್ ಆಗಿಸುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಮೂತ್ರದಲ್ಲಿ ಹೋಗುವ ಸಕ್ಕರೆ ನೀರನ್ನೂ ಸೆಳೆದೊಯ್ಯುತ್ತದೆ. ಹೊಟ್ಟೆನೋವು, ವಾಂತಿ ಶುರುವಾಗುತ್ತವೆ. ವಾಂತಿಯಾಯಿತೆಂದು ಇನ್ಸುಲಿನ್ ನಿಲ್ಲಿಸಿದರೆ, ಇನ್ಸುಲಿನ್ ಇಲ್ಲದ್ದರಿಂದಲೇ ವಾಂತಿ ಹೆಚ್ಚುತ್ತದೆ.

ಹಾಗೆಂದು ಎಂದಿನ ಪ್ರಮಾಣವನ್ನೇ ಕಣ್ಣುಮುಚ್ಚಿ ಕೊಡುವುದೂ ಅಲ್ಲ. ಹೊಟ್ಟೆ ಕೆಟ್ಟಾಗ ಪುಟ್ಟ ಮಕ್ಕಳ ಸಕ್ಕರೆ ಇಳಿಯುವುದೂ ಉಂಟು. ಊಟಕ್ಕೆ ಕೊಡುವ ಇನ್ಸುಲಿನ್ ತಗ್ಗಬಹುದು, ದಿನವಿಡೀ ಕೆಲಸಮಾಡುವ ಇನ್ಸುಲಿನ್‌ನ ಪ್ರಮಾಣವನ್ನೂ ವೈದ್ಯರು ಬದಲಿಸಬಹುದು, ಪೂರ್ತಿ ನಿಲ್ಲಿಸುವಂತಿಲ್ಲ. ಆದ್ದರಿಂದ ಫೋನ್ ಮಾಡಿ ಕೇಳಿ. ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ ರಕ್ತದ ಸಕ್ಕರೆ ನೋಡಿ, ಪರೀಕ್ಷಾ ಪಟ್ಟಿಯಿಂದ ಕೀಟೋನ್ ಪರೀಕ್ಷಿಸಿ. ಸಕ್ಕರೆ ಹೆಚ್ಚಿಲ್ಲದಿದ್ದರೂ ಕೀಟೋನ್ ಇರಬಹುದು. ನೀರು, ತಿಳಿಗಂಜಿ ಗುಟುಕು ಗುಟುಕಾಗಿ ಕುಡಿಸಿ. ಸಕ್ಕರೆ 70ಕ್ಕಿಂತ ಇಳಿದು ಮಗು ಎಚ್ಚರವಾಗಿದ್ದರೆ ಒಂದೆರಡು ಚಮಚ ಸಕ್ಕರೆ ಕರಗಿಸಿದ ನೀರು ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ.

ಉಸಿರು ಆಳವಾಗಿ ಜೋರಾಗಿ ಆಡುತ್ತಿದ್ದರೆ, ಬಾಯಿಂದ ಹಣ್ಣಿನಂಥ ವಾಸನೆ ಬಂದರೆ, ಮಂಪರು ಕವಿದರೆ, ಕುಡಿದ ನೀರೂ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಹೆದ್ದಾರಿ 66 ಹಿಡಿದು ಕುಂದಾಪುರದ ಆಸ್ಪತ್ರೆಗೆ ಹೊರಡಿ. ಅಲ್ಲಿಂದ ಮಣಿಪಾಲಕ್ಕೆ ಕಳಿಸಿದರೆ ತಡಮಾಡಬೇಡಿ.

ಮುಂದಿನ ಸಲ ತೋರಿಸಲು ಹೋದಾಗ ಜ್ವರದ ದಿನದ ಲೆಕ್ಕವನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ತೂಕ ಏರಿದಂತೆ ಅದು ಬದಲಾಗುತ್ತದೆ, ಪ್ರತಿ ಭೇಟಿಯಲ್ಲೂ ತಿದ್ದಿಸಿ. ಒಂದು ಪ್ರತಿಯನ್ನು ಅಂಗನವಾಡಿ ಟೀಚರಿಗೆ ಕೊಡಿ. ಅಜ್ಜಿಯನ್ನೂ ಕೂರಿಸಿಕೊಂಡು ಓದಿ ಹೇಳಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟು ವೈದ್ಯರ ಮುಂದಿಡಿ.