ನುನಾವುಟ್‌ನ ಆರೋಗ್ಯ ಸಾಕ್ಷರತೆ: ಅಳತೆಗೋಲು ಯಾರದು?

ಆರೋಗ್ಯದ ಮಾಹಿತಿಯನ್ನು ಹುಡುಕಿ, ಗ್ರಹಿಸಿ, ಒರೆಗೆ ಹಚ್ಚಿ, ಬದುಕಿನ ತೀರ್ಮಾನಗಳಲ್ಲಿ ಬಳಸಿಕೊಳ್ಳುವ ಸಾಮರ್ಥ್ಯವನ್ನು ತಜ್ಞರು ಆರೋಗ್ಯ ಸಾಕ್ಷರತೆ ಎನ್ನುತ್ತಾರೆ. ಕೆನಡಾದ ಉತ್ತರದ ನುನಾವುಟ್‌ನಲ್ಲಿ ಇದು ಕಡಿಮೆಯೆಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಆ ದೇಶದ ವಯಸ್ಕರ ಸಾಕ್ಷರತಾ ಸಮೀಕ್ಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್‌ಗಳಲ್ಲಿ ನಡೆಯುವುದರಿಂದ, ಇನುಯಿಟ್ ಮೂಲನಿವಾಸಿಗಳ ಇನುಕ್ಟಿಟುಟ್ ಭಾಷೆಯನ್ನು ಅದರ ಲಿಪಿಯಲ್ಲೇ ಸರಾಗವಾಗಿ ಓದುವ ಅಜ್ಜಿಯೂ ಅವುಗಳ ಲೆಕ್ಕದಲ್ಲಿ ಓದುಬಾರದವಳೇ.

1999ರಲ್ಲಿ ರೂಪುಗೊಂಡ ಈ ಪ್ರದೇಶದ ವಿಸ್ತಾರ ಸುಮಾರು 20 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ 2021ರ ಗಣತಿಯಂತೆ 37,000ದ ಆಸುಪಾಸು, ಅವರಲ್ಲಿ ಬಹುಪಾಲು ಇನುಯಿಟ್ ಜನ. ರಸ್ತೆಯೇ ಕೂಡಿಸದ 25 ಊರುಗಳಲ್ಲಿ ಹೆಚ್ಚಿನವಕ್ಕೆ ದಕ್ಷಿಣದಿಂದ ಅಲ್ಪಾವಧಿಗೆ ಬಂದುಹೋಗುವ ನರ್ಸ್‌ಗಳೇ ವೈದ್ಯಕೀಯದ ಮೊದಲ ಮುಖ. ಕೆನಡಾದಲ್ಲೇ ಅತಿ ಕಿರಿಯ ವಯೋಮಾನದ ಈ ಸಮಾಜದಲ್ಲಿ ಹಿರಿಯರ ಕಾಯಿಲೆಯ ಮಾತನ್ನು ಇಂಗ್ಲಿಷಿಗೆ ದಾಟಿಸುವ ಹೊಣೆ ಎಷ್ಟೋ ವೇಳೆ ಮನೆಯ ಮಕ್ಕಳು, ಮೊಮ್ಮಕ್ಕಳ ಹೆಗಲೇರುತ್ತದೆ; ಮೊಮ್ಮಗನ ಮುಂದೆ ಬಾಯಿಬಿಡಲಾಗದ ತೊಂದರೆಗಳು ಅಲ್ಲಿಗೇ ಉಳಿಯುತ್ತವೆ.

ಭಾಷೆಗಿಂತ ಆಳವಾದ ಅಡ್ಡಿ ಇತಿಹಾಸದ್ದು. 1950ರ ದಶಕದಲ್ಲಿ ‘ಸಿ.ಡಿ. ಹೌ’ ಎಂಬ ಸರ್ಕಾರಿ ಹಡಗು ತೀರದ ಊರುಗಳಿಗೆ ಬಂದು ಎಲ್ಲರ ಎದೆಯ ಎಕ್ಸ್‌ರೇ ತೆಗೆಯುತ್ತಿತ್ತು. ಕ್ಷಯವೆಂದು ಗುರುತಾದವರು ಎಷ್ಟೋ ಬಾರಿ ಮನೆಯವರಿಗೆ ವಿದಾಯ ಹೇಳಲೂ ಅವಕಾಶವಿಲ್ಲದೆ ದಕ್ಷಿಣದ ಆಸ್ಪತ್ರೆಗಳಿಗೆ ಸಾಗಿಸಲ್ಪಟ್ಟರು. 1956ರ ಹೊತ್ತಿಗೆ ಇನುಯಿಟ್ ಜನರಲ್ಲಿ ಸುಮಾರು ಏಳರಲ್ಲಿ ಒಬ್ಬರು ಅಲ್ಲಿದ್ದರು. ಸತ್ತವರನ್ನು ಎಲ್ಲಿ ಹೂಳಲಾಯಿತೆಂಬುದು ಹಲವು ಕುಟುಂಬಗಳಿಗೆ ದಶಕಗಳವರೆಗೆ ತಿಳಿಯಲಿಲ್ಲ. ಅಂದಿನ ಪ್ರಧಾನಿ ಜಸ್ಟಿನ್ ಟ್ರುಡೊ ಕ್ಷಮೆ ಕೋರಿದ್ದು 2019ರಲ್ಲಿ. ಇಂಥ ನೆನಪಿರುವ ಮನೆಯವರು ತಪಾಸಣೆಗೆ ಹಿಂಜರಿದರೆ ಅದನ್ನು ಅಜ್ಞಾನವೆಂದು ಬರೆದುಕೊಳ್ಳುವುದು ಅನ್ಯಾಯ.

ಭಾಷೆ, ಇತಿಹಾಸಗಳ ಈ ಎರಡು ಅಡ್ಡಿಗಳೂ ಒಟ್ಟಿಗೆ ಎದುರಾದದ್ದು ಆಹಾರದ ವಿಷಯದಲ್ಲಿ. ಗಾಳಿ ಮತ್ತು ಸಾಗರ ಪ್ರವಾಹಗಳ ಜೊತೆ ದೂರದಿಂದ ಬರುವ ಪಾದರಸವು ಆಹಾರ ಸರಪಳಿಯಲ್ಲಿ ಮೇಲೇರುತ್ತ ಸೀಲ್ ಪ್ರಾಣಿಯ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಆದ್ದರಿಂದ ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರು ರಿಂಗ್ಡ್ ಸೀಲ್‌ನ ಯಕೃತ್ತನ್ನು ಬಿಟ್ಟು ಅದರ ಮಾಂಸವನ್ನು ತಿನ್ನಬೇಕೆಂದು 2012ರಲ್ಲಿ ಸಲಹೆ ನೀಡಲಾಯಿತು. ಸಲಹೆಯ ಉತ್ತರಾರ್ಧ ಕಿವಿಗೆ ಬೀಳದಿದ್ದರೆ ಸೀಲೇ ವಿಷವೆಂಬ ಅರ್ಥ ಉಳಿದು, ಅಂಗಡಿಯ ದುಬಾರಿ ಪೊಟ್ಟಣದ ತಿಂಡಿ ಅದರ ಜಾಗಕ್ಕೆ ಬರುತ್ತದೆ.

ಯಕೃತ್ತು ನಂಜಾಗಬಲ್ಲದೆಂಬುದು ಇನುಯಿಟ್ ಜನರಿಗೆ ಹೊಸ ಸಂಗತಿಯೇನಲ್ಲ: ಹಿಮಕರಡಿಯ ಯಕೃತ್ತಿನಲ್ಲಿ ಎ ಜೀವಸತ್ವ ಮಿತಿಮೀರಿರುವುದನ್ನು ವಿಜ್ಞಾನ ಪತ್ತೆಹಚ್ಚುವ ಎಷ್ಟೋ ಮೊದಲೇ ಅವರು ಅದನ್ನು ಮುಟ್ಟುತ್ತಿರಲಿಲ್ಲ, ತಿಂದು ನರಳಿದವರು ಯುರೋಪಿನ ಅನ್ವೇಷಕರು. ಆ ಅರಿವು ಯಾವ ಸಮೀಕ್ಷೆಯ ಪ್ರಶ್ನಾವಳಿಯಲ್ಲೂ ಅಂಕ ಗಳಿಸುವಂಥದ್ದಲ್ಲ. ಪಾದರಸದ ಕತೆ ಬೇರೆ. ರುಚಿ, ಬಣ್ಣ, ತಕ್ಷಣದ ನೋವು ಯಾವುದರಿಂದಲೂ ಅದು ಬೇಟೆಗಾರನಿಗೆ ಪತ್ತೆಯಾಗದು. ಹೇಳುವವರ ಮೇಲೆ ನಂಬಿಕೆಯಿಟ್ಟೇ ಅದನ್ನು ಒಪ್ಪಬೇಕು. ಹೇಳಬೇಕಾದ ನರ್ಸ್ ಮಾತ್ರ ಕೆಲವು ವಾರಗಳಲ್ಲೇ ಊರು ಬಿಡುವವರು.