ಹತ್ತೊಂಬತ್ತನೇ ಗೇಟು ಮತ್ತು ನಿಮ್ಮ ಮೇಲ್ ಸರ್ವರ್



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಲ್ಲಿ ಏನಾಯ್ತು ಅಂತ ಕೊಪ್ಪಳ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಸುಮಾರು 70 ವರ್ಷ ಕೆಲಸ ಮಾಡಿದ್ದ ಗೇಟು ಅದು. ಹಿಂದಿನ ದಿನವೂ ಮಾಡ್ತಾ ಇತ್ತು. ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯೋ ಹೊತ್ತಿಗೆ ಸುಮಾರು ಒಂದು ವಾರ ಆಯ್ತು. ಅಷ್ಟರಲ್ಲಿ ಟಿಎಂಸಿಗಟ್ಟಲೆ ನೀರು ನದಿ ಪಾಲು.

ಇವತ್ತು ಮಾತಾಡ್ತಿರೋದು ಇಮೇಲ್ ಬಗ್ಗೆ. ಆದರೆ ಪಾಠ ಅದೇ. ಇವತ್ತು ನಡೀತಾ ಇದೆ ಅಂದ ಮಾತ್ರಕ್ಕೆ ನಾಳೆಯೂ ನಡೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಚೇಂಜ್ ಸರ್ವರ್ 2016 ಮತ್ತು 2019, ಎರಡಕ್ಕೂ ಸಪೋರ್ಟ್ ಮುಗಿಯಿತು. ಕಂಪನಿಗಳು ತಮ್ಮದೇ ಆಫೀಸಿನಲ್ಲಿ ಇಟ್ಟುಕೊಳ್ಳೋ ಮೇಲ್ ಸರ್ವರ್ ಇವು. ಅದೇ ದಿನ ವಿಂಡೋಸ್ 10ಕ್ಕೂ ಸಪೋರ್ಟ್ ಕೊನೆಯಾಯಿತು. ಹೆಚ್ಚುವರಿ ಹಣ ಕಟ್ಟಿದರೆ ಇನ್ನಷ್ಟು ದಿನ ಭದ್ರತಾ ಪ್ಯಾಚ್ ಕೊಡೋ ಏರ್ಪಾಡನ್ನೂ ಕಂಪನಿ ಮಾಡಿತು. ಆದರೆ ಅದು ಸಾಮಾನು ಸಾಗಿಸೋಕೆ ಕೊಟ್ಟ ಗಡುವು, ಅಷ್ಟೇ.

“ನಮ್ಮ ಮೇಲ್ ಚಲೋ ನಡದೈತಲ್ರೀ, ಯಾಕ ಕೈ ಹಚ್ಚಬೇಕು?” ಅಂತೀರಿ. ಸರಿಯಾದ ಪ್ರಶ್ನೆ. ಸಪೋರ್ಟ್ ಮುಗಿದ ಮಾರನೇ ದಿನ ಏನೂ ಆಗಲ್ಲ. ಮೇಲ್ ಬರುತ್ತೆ, ಹೋಗುತ್ತೆ. ಅಪಾಯ ಬೇರೆ ಕಡೆ ಇದೆ.

ಸ್ವಲ್ಪ ಒಳಗೆ ಹೋಗೋಣ. ಎಕ್ಸ್‌ಚೇಂಜ್‌ನ ಹೊಸ ಆವೃತ್ತಿ ‘ಸಬ್‌ಸ್ಕ್ರಿಪ್ಶನ್ ಎಡಿಷನ್’ 2025ರ ಜುಲೈ 1ರಂದು ಬಂತು. ಅದರ ಒಳಗಿನ ಕೋಡ್ ಬಹುಮಟ್ಟಿಗೆ 2019ರದ್ದೇ. ಹೊಸದರಲ್ಲಿ ಒಂದು ತೂತು ಸಿಕ್ಕಿ ಕಂಪನಿ ಪ್ಯಾಚ್ ಬಿಟ್ಟಿತು ಅಂದುಕೊಳ್ಳಿ. ಹ್ಯಾಕರ್ ಆ ಪ್ಯಾಚ್ ಬಿಚ್ಚಿ ನೋಡ್ತಾನೆ, ತೂತು ಎಲ್ಲಿತ್ತು ಅಂತ ತಿಳ್ಕೊತಾನೆ. ಅದೇ ತೂತು ನಿಮ್ಮ ಹಳೇ ಸರ್ವರ್‌ನಲ್ಲೂ ಇರಬಹುದು, ಮುಚ್ಚೋರು ಮಾತ್ರ ಇಲ್ಲ. ಪಕ್ಕದ ಮನೆ ಬೀಗದ ರಿಪೇರಿ ನಿಮ್ಮ ಮನೆ ಕಳ್ಳನಿಗೆ ಪಾಠ ಆದ ಹಾಗೆ.

2021ರ ಮಾರ್ಚ್ 2ರಂದು ಎಕ್ಸ್‌ಚೇಂಜ್‌ನ ನಾಲ್ಕು ದೋಷಗಳಿಗೆ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಕೊಟ್ಟಿತ್ತು. ಆ ಹೊತ್ತಿಗಾಗಲೇ ಹ್ಯಾಕರ್‌ಗಳು ಒಳಗೆ ನುಗ್ಗಿದ್ದರು. ಜಗತ್ತಿನಲ್ಲಿ ಸಾವಿರಾರು ಸಂಸ್ಥೆಗಳ ಸರ್ವರ್‌ಗಳು ತೆರೆದು ಬಿದ್ದವು. ಸಪೋರ್ಟ್ ಇದ್ದಾಗಲೇ ಈ ಗತಿ. ಇಲ್ಲದಿದ್ದರೆ?

ಗಂಗಾವತಿಯ ರೈಸ್ ಮಿಲ್ಲಿನ ಲೆಕ್ಕದಲ್ಲಿ ನೋಡಿ. ಹೊರರಾಜ್ಯದ ವ್ಯಾಪಾರಿಗೆ ನೀವು ಅಕ್ಕಿ ಕಳಿಸಿದ್ದೀರಿ, ಬಿಲ್ ಮೇಲ್‌ನಲ್ಲಿ ಹೋಗಿದೆ. ಸರ್ವರ್ ಒಳಗೆ ಕೂತ ಕಳ್ಳ ವಾರಗಟ್ಟಲೆ ಸುಮ್ಮನೆ ಓದ್ತಾನೆ. ದೊಡ್ಡ ಬಿಲ್ ಬಂದ ದಿನ ನಿಮ್ಮದೇ ವಿಳಾಸದಿಂದ ಒಂದು ಮೇಲ್: “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದುಡ್ಡು ಇದಕ್ಕೆ ಹಾಕಿ.” ವ್ಯಾಪಾರಿ ಹಾಕಿಬಿಟ್ಟ. ಅಕ್ಕಿಯೂ ಹೋಯ್ತು, ದುಡ್ಡೂ ಹೋಯ್ತು. ರೈತನಿಗೆ ಭತ್ತದ ಹಣ ಕೊಡಬೇಕಾದವರು ಮಾತ್ರ ನೀವೇ. ಗಿಣಿಗೇರಾದ ಕಾರ್ಖಾನೆಗೆ ಸಾಮಾನು ಕೊಡೋ ಸಣ್ಣ ವರ್ಕ್‌ಶಾಪ್ ಇರಲಿ, ಕುಷ್ಟಗಿಯ ಗ್ರಾನೈಟ್ ವ್ಯಾಪಾರ ಇರಲಿ, ಯಲಬುರ್ಗಾದ ಸಹಕಾರಿ ಸಂಘ ಇರಲಿ, ಕಥೆ ಇದೇ.

ಹಾಗಾದರೆ ಏನು ಮಾಡಬೇಕು?

ಮೊದಲು, ನಿಮ್ಮ ಕಂಪ್ಯೂಟರ್ ನೋಡಿಕೊಳ್ಳೋರನ್ನ ಕೇಳಿ: ನಮ್ಮ ಮೇಲ್ ಎಲ್ಲಿದೆ? ಯಾವ ಆವೃತ್ತಿ? ಎಕ್ಸ್‌ಚೇಂಜ್ ಇಲ್ಲ ಅಂದ ತಕ್ಷಣ ನಿರಾಳ ಆಗಬೇಡಿ. ಕಡಿಮೆ ದರದ ಹೋಸ್ಟಿಂಗ್‌ನಲ್ಲಿ ಹಳೇ ಸೆಂಟ್‌ಒಎಸ್ 7 ಇರಬಹುದು. ಅದರ ಅವಧಿ 2024ರ ಜೂನ್ 30ಕ್ಕೇ ಮುಗಿದಿದೆ. ಇನ್ನೊಂದು ಮುಖ್ಯ ಮಾತು: ನಿಮ್ಮ ಡೊಮೈನ್ ಯಾರ ಹೆಸರಲ್ಲಿದೆ? ಕೆಲಸ ಬಿಟ್ಟುಹೋದ ಹುಡುಗನ ಹೆಸರಲ್ಲಿದ್ದರೆ ಮೊದಲು ಅದನ್ನ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹೊಲದ ಪಹಣಿ ಬೇರೆಯವರ ಹೆಸರಲ್ಲಿ ಇಟ್ಟು ಬಿತ್ತನೆ ಮಾಡ್ತೀರಾ?

ಎರಡನೆಯದು ಆಯ್ಕೆ. ಸ್ವಂತ ಸರ್ವರ್ ಬೇಕೇ ಬೇಕು ಅಂದರೆ ಸಬ್‌ಸ್ಕ್ರಿಪ್ಶನ್ ಎಡಿಷನ್. 2019ರ ಇತ್ತೀಚಿನ ಅಪ್‌ಡೇಟ್ ಇದ್ದರೆ ಅದೇ ಯಂತ್ರದಲ್ಲೇ ಮೇಲಕ್ಕೆ ಹೋಗಬಹುದು. 2016 ಇದ್ದರೆ ಹೊಸ ಸರ್ವರ್ ಹಾಕಿ ಮೇಲ್‌ಬಾಕ್ಸ್ ಸಾಗಿಸಬೇಕು. ಐದು, ಹತ್ತು, ಇಪ್ಪತ್ತು ಜನರ ಆಫೀಸಿಗೆ ಮೈಕ್ರೋಸಾಫ್ಟ್ 365, ಗೂಗಲ್ ವರ್ಕ್‌ಸ್ಪೇಸ್, ಜೋಹೋದಂಥ ಬಾಡಿಗೆ ಸೇವೆಯೇ ಹಗುರ. ತಲೆಗೆ ಇಷ್ಟು ಅಂತ ಕಟ್ಟಬೇಕು ನಿಜ, ಆದರೆ ಪ್ಯಾಚ್ ಹಾಕೋ ತಲೆನೋವು ಅವರದ್ದು. ಕೇಂದ್ರ ಸರ್ಕಾರವೇ ತನ್ನ ನೌಕರರ ಇಮೇಲನ್ನು ಜೋಹೋ ವ್ಯವಸ್ಥೆಗೆ ಸಾಗಿಸಿದೆ.

ಮೂರನೆಯದು ಬ್ಯಾಕಪ್. ಹಳೇ ಮೇಲ್ ಅಂದರೆ ಬರೀ ಪತ್ರ ಅಂದ್ಕೋಬೇಡಿ, ಬಿಲ್ಲು, ಆರ್ಡರ್, ಒಪ್ಪಂದ ಎಲ್ಲ ಅದರಲ್ಲೇ ಇರುತ್ತೆ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಕೊನೇ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು. ಬ್ಯಾಕಪ್ ತೆಗೆದರೆ ಸಾಲದು, ಅದರಿಂದ ಒಂದು ಹಳೇ ಮೇಲ್ ವಾಪಸ್ ತೆಗೆದು ನೋಡಿ.

ನಾಲ್ಕನೆಯದು ಸಾಗಾಟ. ಭತ್ತ ಬರೋ ಸುಗ್ಗಿಯಲ್ಲಿ, ರಿಟರ್ನ್ ತುಂಬೋ ವಾರದಲ್ಲಿ ಬೇಡ. ಮೊದಲು ಇಬ್ಬರ ಮೇಲ್ ಸಾಗಿಸಿ ನೋಡಿ, ಆಮೇಲೆ ಎಲ್ಲರದ್ದು. ಸ್ಕ್ಯಾನರ್, ಬಿಲ್ಲಿಂಗ್ ಸಾಫ್ಟ್‌ವೇರ್ ಹಳೇ ಸರ್ವರ್ ಮೂಲಕವೇ ಮೇಲ್ ಕಳಿಸ್ತಿರ್ತವೆ. ಇವನ್ನ ಮರೆಯೋದು ಸುಲಭ, ಹಾಗಾಗಿ ಪಟ್ಟಿ ಮಾಡಿಕೊಳ್ಳಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅನ್ನೋ ಮೂರು ದಾಖಲೆ ಹೊಸ ವ್ಯವಸ್ಥೆಗೆ ತಕ್ಕಂತೆ ಹಾಕಿಸಿ. ಇಲ್ಲವಾದರೆ ನಿಮ್ಮ ಮೇಲ್ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತೆ. ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಜೊತೆ ಎರಡನೇ ಬೀಗ, ಅಂದರೆ ಮೊಬೈಲ್ ಕೋಡ್ ಕಡ್ಡಾಯ ಮಾಡಿ. ಎಲ್ಲ ಮುಗಿದ ಮೇಲೆ ಹಳೇ ಸರ್ವರ್ ಆಫ್ ಮಾಡಿಸಿ. “ಇರಲಿ ಬಿಡ್ರಿ” ಅಂತ ಮೂಲೆಯಲ್ಲಿ ಓಡ್ತಾ ಬಿಟ್ಟ ಯಂತ್ರವೇ ಕಳ್ಳನಿಗೆ ಹಿತ್ತಲ ಬಾಗಿಲು.

ಮೇಲ್‌ನಲ್ಲಿ ಖಾತೆ ನಂಬರ್ ಬದಲಾಗಿದೆ ಅಂತ ಬಂದರೆ, ನಿಮಗೆ ಮೊದಲಿಂದ ಗೊತ್ತಿರೋ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಹಾಕಬೇಡಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ. ಕಂಪನಿಗಳಾದರೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಅನ್ನೋ ನಿರ್ದೇಶನ 2022ರಿಂದಲೇ ಇದೆ.

ಗೇಟು ಕಿತ್ತುಹೋದ ಮೇಲೆ ಸ್ಟಾಪ್‌ಲಾಗ್ ಇಳಿಸೋದು ದೊಡ್ಡ ಸಾಹಸ, ಇಡೀ ನಾಡೇ ನಿಂತು ನೋಡಿತು. ಸಣ್ಣ ಆಫೀಸಿನ ಸರ್ವರ್ ಮುರಿದು ಬಿದ್ದ ದಿನ ನೋಡೋಕೆ ಯಾರೂ ಬರಲ್ಲ. ನಾಳೆ ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ಆ ಒಂದು ಪ್ರಶ್ನೆ ಕೇಳಿ: ನಮ್ಮ ಮೇಲ್ ಎಲ್ಲಿದೆ, ಯಾವ ಆವೃತ್ತಿ?