ಕೋಲು ಕೆಳಗಿಟ್ಟ ಮೇಲೆ

ರಾತ್ರಿ ಹತ್ತು ಗಂಟೆ. ಟಿಇಟಿ ಗೈಡ್ ಹಿಡಿದು ಕೂತಿದ್ದೆ. ‘ತರಗತಿಗೆ ದಿನವೂ ತಡವಾಗಿ ಬರುವ ಮಗುವಿನ ವಿಷಯದಲ್ಲಿ ಶಿಕ್ಷಕರು ಏನು ಮಾಡಬೇಕು?’ ಎಂಬ ಪ್ರಶ್ನೆ. ಹೊರಗೆ ನಿಲ್ಲಿಸಬೇಕು, ದಂಡ ಹಾಕಬೇಕು, ಸುಮ್ಮನಿದ್ದುಬಿಡಬೇಕು, ಕಾರಣ ತಿಳಿದುಕೊಳ್ಳಬೇಕು ಎಂಬ ನಾಲ್ಕು ಆಯ್ಕೆಗಳು. ಯೋಚಿಸುವ ಅಗತ್ಯವೇ ಇರಲಿಲ್ಲ. ನಾಲ್ಕನೆಯದಕ್ಕೆ ಟಿಕ್ ಹಾಕಿ ಪುಟ ತಿರುಗಿಸಿದೆ.

ಅದೇ ದಿನ ಬೆಳಿಗ್ಗೆ, ಹದಿನೈದು ನಿಮಿಷ ತಡವಾಗಿ ಬಂದ ನಾಲ್ಕನೇ ತರಗತಿಯ ಹುಡುಗನೊಬ್ಬನಿಗೆ ಎಲ್ಲರ ಎದುರು ಕಿವಿ ಹಿಡಿಸಿ ಇಪ್ಪತ್ತು ಬಸ್ಕಿ ಹೊಡೆಸಿದ್ದೆ. ಟಿಕ್ ಹಾಕುವಾಗ ಆ ಹುಡುಗ ನೆನಪಿಗೂ ಬರಲಿಲ್ಲ. ಈಗಲೂ ನನ್ನನ್ನು ಕಾಡುವುದು ಅದೇ.

ಡಿ.ಎಡ್ ಮುಗಿಸಿ, ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ. ಒಂದು ಕಡೆ ಗುಣಾಕಾರ ಹೇಳಿಕೊಡುತ್ತಿದ್ದರೆ ಇನ್ನೊಂದು ಕಡೆ ಜಗಳ. ಮೊದಲ ವಾರ ‘ಮಕ್ಕಳೇ, ಸುಮ್ಮನಿರಿ’ ಎಂದೆ. ಎರಡನೇ ವಾರ ಕೂಗಿದೆ. ಮೂರನೇ ವಾರ ಗಂಟಲು ಕಟ್ಟಿತು. ನಾಲ್ಕನೇ ವಾರ ಮೇಜಿನ ಮೇಲೊಂದು ಕೋಲು ಬಂತು. ‘ಬರೀ ಹೆದರಿಸಲಿಕ್ಕೆ’ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಸಲಿಕ್ಕೆಂದು ತಂದ ಕೋಲು ಎಷ್ಟು ದಿನ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತದೆ?

ಕಾನೂನು ಗೊತ್ತಿಲ್ಲದೆ ಮಾಡಿದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಆಗಬೇಕು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇನ್ನೂ ಮುಂದೆ ಹೋಗುತ್ತದೆ. ಹೊಡೆಯುವುದಷ್ಟೇ ಅಲ್ಲ, ಬೆಂಚಿನ ಮೇಲೆ ನಿಲ್ಲಿಸುವುದು, ಮಂಡಿಯೂರಿಸುವುದು, ಅಡ್ಡಹೆಸರಿನಿಂದ ಕರೆಯುವುದು, ಎಲ್ಲರೆದುರು ಅವಮಾನಿಸುವುದು ಕೂಡ ಶಿಕ್ಷೆಯೇ ಅನ್ನುತ್ತದೆ. ಟಿಇಟಿ ಮೊದಲ ಪತ್ರಿಕೆಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಸನಕ್ಕೇ ಮೀಸಲು. ಇವನ್ನೆಲ್ಲ ಓದಿ, ಅಂಡರ್‌ಲೈನ್ ಹಾಕಿ, ನೋಟ್ಸ್ ಮಾಡಿಕೊಂಡವಳು ನಾನು.

ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಆಗ ನಾನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಅದಾದ ಮೇಲೂ ನಾವು ಹೊಡೆತ ತಿಂದೆವು. ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಎಂದು ನಗುತ್ತಲೇ ಕೈಯೊಡ್ಡಿದೆವು. ಕೈಯಲ್ಲಿ ಕೋಲು ಹಿಡಿದಾಗ ನನಗೆ ನೆನಪಾಗಿದ್ದು ಡಿ.ಎಡ್ ಪುಸ್ತಕವಲ್ಲ, ನನ್ನ ನಾಲ್ಕನೇ ತರಗತಿ.

ಬಸ್ಕಿ ಹೊಡೆದ ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಹಾಜರಿ ಕೂಗುವಾಗ ಅವನ ಹೆಸರಿಗೆ ಬಂದು ನಿಂತೆ. ಕ್ಲಾಸ್ ಲೀಡರ್ ಹೇಳಿದಳು: ‘ಅಂವ ಇನ್ನ ಸಾಲಿಗೆ ಬರೂದಿಲ್ಲಂತ್ರೀ ಟೀಚರ್.’

ಸಂಜೆ ಅವನ ಮನೆಗೆ ಹೋದೆ. ಜನವರಿ ತಿಂಗಳು, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಕಾಲ. ಅವನ ತಾಯಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ನಸುಕಿನಲ್ಲೇ ಟೆಂಪೊ ಹತ್ತುತ್ತಾರೆ. ಮೂರು ವರ್ಷದ ತಂಗಿಗೆ ಮುಖ ತೊಳೆಸಿ, ತಿನ್ನಿಸಿ, ಅಂಗನವಾಡಿ ಬಾಗಿಲು ತೆಗೆಯುವವರೆಗೆ ಕಾದು, ಅವಳನ್ನು ಒಳಗೆ ಬಿಟ್ಟು ಓಡಿ ಬರಬೇಕು ಇವನು. ಅದೇ ಆ ಹದಿನೈದು ನಿಮಿಷ.

ಚಹಾ ಆಯಿತು. ‘ಕೈಗೆ ಖಾರ ಹತ್ತೈತ್ರೀ’ ಎಂದು ತಾಯಿ ಲೋಟ ಮುಟ್ಟಲಿಲ್ಲ, ಮಗನ ಕೈಯಲ್ಲಿ ಕೊಡಿಸಿದರು. ಅವನು ನನ್ನ ಮುಖ ನೋಡದೆ ಲೋಟ ಇಟ್ಟು ಹೋದ. ನಾನು ಮಾಡಿದ್ದನ್ನು ಹೇಳಿಕೊಳ್ಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ, ‘ಸಾಲಿಗೆ ಹೋಗಂದ್ರ ಒಲ್ಲೆ ಅಂತಾನ್ರೀ ಅಕ್ಕಾರ. ನೀವಾ ನಾಕು ಬಾರಿಸ್ರಿ, ಹಾದಿಗೆ ಬರ್ತಾನ’ ಎಂದರು. ಆ ಮಾತಿಗಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ಮರುದಿನ ಹೆಡ್ ಮಾಸ್ತರರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತ, ‘ನೋಡ್ರಿ ಟೀಚರ್, ಕೋಲು ಬಿಡ್ರಿ ಅಂದ್ರು, ಬಿಟ್ವಿ. ಅದರ ಜಾಗಾದಾಗ ಏನ್ ಹಿಡೀಬೇಕು ಅಂತ ಯಾರೂ ಕೂಡಿಸಿಕೊಂಡು ಹೇಳ್ಲಿಲ್ಲ’ ಎಂದರು. ಆಮೇಲೆ, ತಂಗಿಯನ್ನು ಶಾಲೆಗೇ ಕರೆತರಲಿ, ಅಂಗನವಾಡಿ ತೆರೆದ ಮೇಲೆ ಬಿಟ್ಟು ಬಂದರಾಯಿತು ಎಂದು ಅವರೇ ದಾರಿ ತೋರಿಸಿದರು.

ಹುಡುಗ ಬಂದ ದಿನ ತರಗತಿಯ ಎದುರು ನಿಂತು, ‘ಇವನಿಗೆ ಬಸ್ಕಿ ಹೊಡೆಸಿದ್ದು ನನ್ನ ತಪ್ಪು’ ಎಂದೆ. ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು, ‘ಹಂಗಾದ್ರ ನೀವು ಎಷ್ಟ್ ಬಸ್ಕಿ ಹೊಡೀತೀರಿ ಟೀಚರ್?’ ಎಂದಳು. ಐದು ಹೊಡೆದೆ. ಸೀರೆಯಲ್ಲಿ ಅದಕ್ಕಿಂತ ಹೆಚ್ಚು ಆಗಲಿಲ್ಲ. ಎಣಿಸಿದವನು ಅವನೇ.

ಅಂದೇ ಕೂತು ನಿಯಮಗಳನ್ನು ಮಕ್ಕಳಿಂದಲೇ ಬರೆಸಿದೆ. ‘ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಬೇಕು’, ‘ಅಡ್ಡಹೆಸರು ಕರೆಯಬಾರದು’, ‘ಊಟದ ತಟ್ಟೆ ಅವರವರೇ ತೊಳೆಯಬೇಕು’, ‘ಟೀಚರ್ ಕ್ಲಾಸಿನಲ್ಲಿ ಫೋನ್ ನೋಡಬಾರದು’. ಕೊನೆಯದನ್ನು ಬರೆಯುವಾಗ ಎಲ್ಲರೂ ನನ್ನ ಮುಖ ನೋಡಿದರು. ಒಪ್ಪಿದೆ. ನಿಯಮ ಮುರಿದರೆ ಏನು ಎಂಬುದನ್ನೂ ಅವರೇ ನಿರ್ಧರಿಸಿದರು. ನೀರು ಚೆಲ್ಲಿದವರು ಒರೆಸಬೇಕು, ಹರಿದವರು ಅಂಟಿಸಿಕೊಡಬೇಕು, ಫೋನ್ ನೋಡಿದ ಟೀಚರ್ ಕಥೆ ಹೇಳಬೇಕು. ಇಲ್ಲಿಯವರೆಗೆ ಎರಡು ಕಥೆ ಹೇಳಿದ್ದೇನೆ.

ಇದರಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗೆಳೆಯರ ಚಪ್ಪಲಿಯನ್ನು ಹೆಂಚಿನ ಮೇಲೆ ಎಸೆಯುವ ಐದನೇ ತರಗತಿಯ ಒಬ್ಬನಿದ್ದಾನೆ. ಅವನ ಮನೆಗೂ ಹೋಗಿ ಬಂದೆ. ಕಷ್ಟವೂ ಇಲ್ಲ, ಕಣ್ಣೀರೂ ಇಲ್ಲ. ಅವನಿಗೆ ಎಸೆಯುವುದು ಖುಷಿ, ಅಷ್ಟೇ! ಒಂದು ವಾರ ಬಾಗಿಲ ಬಳಿ ಎಲ್ಲರ ಚಪ್ಪಲಿ ಸಾಲಾಗಿ ಜೋಡಿಸುವ ಕೆಲಸ ಮಕ್ಕಳೇ ಅವನಿಗೆ ಕೊಟ್ಟರು. ಮುಖ ಉಬ್ಬಿಸಿಕೊಂಡೇ ಮಾಡಿದ. ಮುಂದಿನ ವಾರ ನೀರಿನ ಬಾಟಲಿ ಎಸೆದ. ನಾನು ಮತ್ತೆ ಕೂಗಿದೆ. ಆದರೆ ಕೈ ಎತ್ತಲಿಲ್ಲ.

ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಶಿಕ್ಷಕರಾದವರು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದವರು. ಅವರ ‘ದಿವಾಸ್ವಪ್ನ’ದ ಶಿಕ್ಷಕ ಕಲಿಸುವುದೂ ನಾಲ್ಕನೇ ತರಗತಿಗೇ. ಮೊದಲ ದಿನ ಅವನು ಆಡಿಸಹೊರಟ ಮೌನದ ಆಟ ಗದ್ದಲದಲ್ಲಿ ಮುಗಿದುಹೋಗುತ್ತದೆ. ಮರುದಿನ ಅವನು ಕಥೆ ಹಿಡಿದು ಬರುತ್ತಾನೆ. ಡಿ.ಎಡ್‌ನಲ್ಲಿ ಓದುವಾಗ ನನಗೆ ಕಥೆಯ ಭಾಗವಷ್ಟೇ ಇಷ್ಟವಾಗಿತ್ತು. ಮೊದಲ ದಿನ ಸೋತಿದ್ದನ್ನೂ ಆತ ಬರೆದಿಟ್ಟಿದ್ದು ಎಷ್ಟು ದೊಡ್ಡದು ಎಂದು ಈಗ ಗೊತ್ತಾಗುತ್ತಿದೆ.

ನನ್ನ ಹಾಗೆ ಟಿಇಟಿಗೆ, ಶಿಕ್ಷಕರ ನೇಮಕಾತಿಗೆ ಓದುತ್ತಿರುವ ಗೆಳೆಯ-ಗೆಳತಿಯರಿಗೆ ಒಂದು ಮಾತು. ಶಿಸ್ತಿನ ಪ್ರಶ್ನೆ ಬಂದಾಗ ನಾವೆಲ್ಲ ಸರಿಯುತ್ತರಕ್ಕೇ ಟಿಕ್ ಹಾಕುತ್ತೇವೆ, ಅನುಮಾನವಿಲ್ಲ. ‘ಕಾರಣ ತಿಳಿದುಕೊಳ್ಳಬೇಕು’ ಎಂದು ಗುರುತು ಹಾಕಲು ಒಂದು ಸೆಕೆಂಡ್ ಸಾಕು. ತಿಳಿದುಕೊಳ್ಳಲು ನನಗೆ ಒಂದೂವರೆ ಕಿ.ಮೀ. ನಡೆಯಬೇಕಾಯಿತು, ಅದೂ ಮೂರು ದಿನ ತಡವಾಗಿ.

ಅವನೀಗ ತಂಗಿಯ ಕೈ ಹಿಡಿದು ಪ್ರಾರ್ಥನೆಗೇ ಬರುತ್ತಾನೆ. ಅವಳು ಅಂಗನವಾಡಿ ತೆರೆಯುವವರೆಗೆ ಮೊದಲ ಸಾಲಿನಲ್ಲಿ ಕೂತು ಸ್ಲೇಟಿನ ಮೇಲೆ ಗೀಚುತ್ತಾಳೆ. ಕಳೆದ ವಾರ ಅವನು ಮತ್ತೆ ಒಂದು ದಿನ ತಡವಾಗಿ ಬಂದ. ‘ಯಾಕೋ?’ ಎಂದೆ. ‘ಸುಮ್ನ ರೀ ಟೀಚರ್, ಗೋಲಿ ಆಡಾಕ ಹತ್ತಿದ್ದೆ’ ಎಂದ. ಸುಳ್ಳು ಹೇಳಲು ಅವನಿಗೆ ನನ್ನ ಮೇಲೆ ಹೆದರಿಕೆ ಇರಲಿಲ್ಲ. ಬೋರ್ಡ್ ಒರೆಸುವ ಕೆಲಸ ಕೊಟ್ಟು, ಪಾಠ ಮುಂದುವರಿಸಿದೆ.